ರಿಫ್ಲೆಕ್ಟ್ ಸಾಕಾ, ಇನ್ನೊವೇಟ್‌ಗೇ ಹೋಗೋದಾ?

ಆಸ್ಟ್ರೇಲಿಯಾದ ಕಂಪನಿಯಲ್ಲಿ ಇದ್ದೀರಿ, ಅಲ್ಲಿನ ಮೂಲನಿವಾಸಿಗಳೊಂದಿಗೆ ಬಾಂಧವ್ಯ ಕಟ್ಟುವ ಯೋಜನೆಯಾದ ರೀಕನ್ಸಿಲಿಯೇಶನ್ ಆ್ಯಕ್ಷನ್ ಪ್ಲಾನ್ (ರ್‍ಯಾಪ್) ಸಮಿತಿಗೆ ನಿಮ್ಮ ಹೆಸರೂ ಸೇರಿದೆ. 2006ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ನಾಲ್ಕು ಹಂತಗಳಿವೆ. ಮೇಲಿನ ಸ್ಟ್ರೆಚ್, ಎಲಿವೇಟ್ ಹೊಸಬರಿಗಲ್ಲ, ಬಿಡಿ. ಗೊಂದಲ ಇರೋದು ಮೊದಲೆರಡರಲ್ಲೇ: ರಿಫ್ಲೆಕ್ಟ್, ಇನ್ನೊವೇಟ್.

ರಿಫ್ಲೆಕ್ಟ್ ಸುಮಾರು ಒಂದು ವರ್ಷದ್ದು. ಆಫೀಸು ಯಾವ ಮೂಲನಿವಾಸಿಗಳ ನೆಲದಲ್ಲಿದೆ, ಯಾರೊಂದಿಗೆ ಮಾತಾಡಬೇಕು ಅಂತ ತಿಳಿದುಕೊಳ್ಳುವ ಕಾಲ. ಸಭೆಯ ಆರಂಭದಲ್ಲಿ ಆ ನೆಲದ ಮೂಲನಿವಾಸಿಗಳಿಗೆ ಗೌರವ ಸೂಚಿಸುವ ‘ಅಕ್ನಾಲೆಜ್‌ಮೆಂಟ್ ಆಫ್ ಕಂಟ್ರಿ’ಯನ್ನು ಯಾರು ಬೇಕಾದರೂ ಹೇಳಬಹುದು. ಬಂದವರನ್ನು ತಮ್ಮ ನೆಲಕ್ಕೆ ಸ್ವಾಗತಿಸುವ ‘ವೆಲ್ಕಮ್ ಟು ಕಂಟ್ರಿ’ ಮಾತ್ರ ಆ ನೆಲದವರದ್ದೇ ಹಕ್ಕು. ಅವರನ್ನು ಕರೆದು, ಸಂಭಾವನೆ ಕೊಡಬೇಕು. ಇಷ್ಟೂ ಗೊತ್ತಿಲ್ಲದ ಕಂಪನಿಗೆ ರಿಫ್ಲೆಕ್ಟೇ ಸರಿ.

ಇನ್ನೊವೇಟ್ ಎರಡು ವರ್ಷದ್ದು. ಇಲ್ಲಿ ನೇಮಕಾತಿ, ಖರೀದಿಯಲ್ಲಿ ಕೆಲಸ ಮಾಡಿ ತೋರಿಸಬೇಕು. ಕ್ಯಾಟರಿಂಗ್, ಪ್ರಿಂಟಿಂಗ್ ಆರ್ಡರನ್ನು ಸಪ್ಲೈ ನೇಷನ್ ಸಂಸ್ಥೆಯ ಪಟ್ಟಿಯಲ್ಲಿರುವ ಮೂಲನಿವಾಸಿ ಉದ್ಯಮಗಳಿಗೆ ಕೊಡುವುದು ಸುಲಭದ ಆರಂಭ. ಈಗಾಗಲೇ ಅಂಥ ಸಂಬಂಧವಿದ್ದರೆ, ಖರೀದಿ ವಿಭಾಗದವರೂ ಸಮಿತಿಯಲ್ಲಿದ್ದರೆ, ಇದನ್ನೇ ಆರಿಸಿ. ಎಚ್‌ಆರ್ ಒಬ್ಬರೇ ಓಡಾಡುತ್ತಿದ್ದರೆ ಸುಮ್ನೆ ಕೈ ಹಾಕಬೇಡಿ.

ದೊಡ್ಡ ಹಂತ ಅಂದರೆ ಜಾಸ್ತಿ ಬದ್ಧತೆ ಅಂತಲೂ ಅಲ್ಲ. ಗಣಿ ಕಂಪನಿ ರಿಯೊ ಟಿಂಟೊ ಎಲಿವೇಟ್‌ನಲ್ಲೇ ಇತ್ತು. 2020ರ ಮೇನಲ್ಲಿ ಅದಿರಿಗಾಗಿ ಪಶ್ಚಿಮ ಆಸ್ಟ್ರೇಲಿಯಾದ ಜೂಕನ್ ಕಣಿವೆಯ ಗುಹೆಗಳನ್ನು ಸ್ಫೋಟಿಸಿತು. ಅಲ್ಲಿ 46,000 ವರ್ಷ ಹಿಂದೆಯೇ ಜನ ಇದ್ದ ಕುರುಹು ಸಿಕ್ಕಿತ್ತು! ಈ ಯೋಜನೆಗಳಿಗೆ ಮಾನ್ಯತೆ ಕೊಡುವ ರೀಕನ್ಸಿಲಿಯೇಶನ್ ಆಸ್ಟ್ರೇಲಿಯಾ ಸಂಸ್ಥೆ ಮರುತಿಂಗಳು ಅದರ ಮಾನ್ಯತೆಯನ್ನು ಹಿಂತೆಗೆದುಕೊಂಡು, ಕಂಪನಿಯನ್ನು ಈ ವ್ಯವಸ್ಥೆಯಿಂದ ಅಮಾನತು ಮಾಡಿತು.