ಸಾರಿಗೊಂದು ಕೋಷರ್ ಪುಡಿ

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಓಕ್ ಟ್ರೀ ರೋಡಿಗೆ ಹೋದರೆ ಬ್ಯಾಡಗಿ ಮೆಣಸಿನಕಾಯಿಂದ ಹಪ್ಪಳದವರೆಗೆ ಎಲ್ಲ ಸಿಗುತ್ತದೆ. ಪಕ್ಕದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ಬಹಳ. ನನ್ನ ಆಫೀಸಿನ ಗೆಳತಿಯೂ ಅಲ್ಲಿಯವಳೇ. ನಾನು ಡಬ್ಬಿ ತೆಗೆದಾಗಲೆಲ್ಲ ಸಾರಿನ ವಾಸನೆಗೆ ಹತ್ತಿರ ಬರುತ್ತಿದ್ದಳು, ಆದರೆ ಒಂದು ಚಮಚ ಬಾಯಿಗಿಡುತ್ತಿರಲಿಲ್ಲ. ಅವಳದು ಕಟ್ಟುನಿಟ್ಟಾದ ಕೋಷರ್ ಊಟ, ಅಂದರೆ ಯಹೂದಿ ಧರ್ಮದ ಆಹಾರ ನಿಯಮಕ್ಕೆ ಒಪ್ಪುವುದಷ್ಟೇ. "ಕೋಷರ್ ಪುಡಿ ಸಿಕ್ಕರೆ ನಮ್ಮ ಮನೆಯಲ್ಲೇ ಮಾಡೋಣ" ಅಂದಳು ಒಂದು ದಿನ.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಏನೇ ಅದು, ನಮ್ಮ ಮಡಿ ಥರಾನಾ?" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಅಲ್ಲಿ ಮೊದಲ ಪ್ರಶ್ನೆ ಏನು ಸೇರಿದೆ, ಯಾವ ಪಾತ್ರೆಯಲ್ಲಿ ಬಿಸಿಯಾಗಿದೆ ಅನ್ನುವುದು. ಇಡೀ ಧನಿಯ, ಜೀರಿಗೆ, ಮೆಣಸಿಗೆ ಸಾಮಾನ್ಯವಾಗಿ 'ಇದು ಕೋಷರ್' ಅನ್ನುವ ಯಾವ ಮುದ್ರೆಯೂ ಬೇಕಿಲ್ಲ. ತಕರಾರು ಶುರುವಾಗುವುದು ಮಿಶ್ರಣದಲ್ಲಿ. ಗಂಟು ಕಟ್ಟದಿರಲಿ ಅಂತ ಏನು ಬೆರೆಸಿದ್ದಾರೆ? 'ಫ್ಲೇವರ್' ಅಂದರೆ ಯಾವುದು? ಅದೇ ಮೆಷಿನ್ನಿನಲ್ಲಿ ಬೆಳಿಗ್ಗೆ ಕೋಷರ್ ಅಲ್ಲದ ಮಾಂಸದ ಅಂಶ ಇರುವ ಮಸಾಲೆ ಓಡಿತ್ತಾ? ಪ್ಯಾಕೆಟ್ಟಿನ ಹಿಂದೆ ಓದಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಮೊದಲು ತಂದದ್ದು ಇಂಡಿಯನ್ ಅಂಗಡಿಯ ರೆಡಿಮೇಡ್ ಸಾರಿನ ಪುಡಿ. ಮೂಲೆಯಲ್ಲಿ 'ಕೆ' ಅಂತ ಅಚ್ಚಾಗಿತ್ತು. ಕೆಲಸ ಮುಗಿಯಿತು ಅಂತ ಖುಷಿಪಟ್ಟೆ. ಅವಳು ನೋಡಿ ಬೇಡ ಅಂದಳು. ಬರೀ ಒಂದು ಅಕ್ಷರಕ್ಕೆ ಟ್ರೇಡ್‌ಮಾರ್ಕ್ ಸಿಗುವುದಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹಿಂದೆ ಯಾವ ರಬ್ಬಿ (ಯಹೂದಿ ಧರ್ಮಗುರು) ಇದ್ದಾರೆ ಅಂತ ಕಂಪನಿಯವರನ್ನೇ ಕೇಳಬೇಕು. ಅವಳು ಹುಡುಕುವುದು ಕೋಷರ್ ಮುದ್ರೆ ಕೊಡುವ ಸಂಸ್ಥೆಗಳ ಗುರುತು: ಆರ್ಥೊಡಾಕ್ಸ್ ಯೂನಿಯನ್‌ನವರ ಸುತ್ತಿನೊಳಗಿನ 'ಯು', ಬಾಲ್ಟಿಮೋರ್‌ನವರ ನಕ್ಷತ್ರದೊಳಗಿನ 'ಕೆ', ಇಂಥವನ್ನು. 'ಯು' ಪಕ್ಕ 'ಡಿ' ಇದ್ದರೆ ಹಾಲಿನ ಲೆಕ್ಕ, ಮಾಂಸದ ಊಟದ ಜೊತೆ ನಡೆಯುವುದಿಲ್ಲ. ಆ ಪ್ಯಾಕೆಟ್ ನಮ್ಮ ಮನೆಯಲ್ಲೇ ಖರ್ಚಾಯಿತು. ರುಚಿ ಪರವಾಗಿಲ್ಲ, ಉಪ್ಪು ಜಾಸ್ತಿ.

ಎರಡನೆಯದು ಅವಳ ಕಡೆಯ ಕೋಷರ್ ಅಂಗಡಿಯ ಕರಿ ಪೌಡರ್. ಮುದ್ರೆಯ ಬಗ್ಗೆ ಚಕಾರ ಎತ್ತುವ ಹಾಗಿಲ್ಲ. ಅವಳ ಮನೆಯಲ್ಲಿ ಬೇಳೆ ಕಟ್ಟಿಗೆ ಎರಡು ಚಮಚ ಹಾಕಿದೆ. ಬಣ್ಣ ಚೆಂಡುಹೂವಿನದು, ರುಚಿ ಪೂರ್ತಿ ಅರಿಶಿನದ್ದು. "ನಿನ್ನ ಡಬ್ಬಿಯ ವಾಸನೆ ಇದಾ?" ಅಂದಳು. ನಾನು ಮಾತಾಡಲಿಲ್ಲ.

ಆದರೆ ಅದೇ ಅಂಗಡಿಯ ಅದೇ ಸಾಲಿನಲ್ಲಿ ಹವಾಯಿಜ್ ಸಿಕ್ಕಿತು. ಯೆಮೆನ್ ಯಹೂದಿಗಳ ಸೂಪಿನ ಮಸಾಲೆ. ಜೀರಿಗೆ, ಮೆಣಸು, ಧನಿಯ, ಅರಿಶಿನ, ಒಂದಿಷ್ಟು ಏಲಕ್ಕಿ. ಮುಚ್ಚಳ ತೆಗೆದರೆ ಅಜ್ಜಿ ಬಾಣಂತಿಯರಿಗೆ ಮಾಡುತ್ತಿದ್ದ ಮೆಣಸು-ಜೀರಿಗೆ ಸಾರೇ ನೆನಪಾಯಿತು! ಇದೇ ಹೆಸರಿನಲ್ಲಿ ಕಾಫಿಗೆ ಹಾಕುವ ಪುಡಿಯೂ ಇದೆ, ಶುಂಠಿ, ಏಲಕ್ಕಿ ಇರುವುದು. ನಾನು ಮೊದಲು ಕೈಹಾಕಿದ್ದು ಅದಕ್ಕೇ, ಅವಳು ತಡೆದಳು. ಹುಣಸೆರಸ, ಒಂದು ಚೂರು ಬೆಲ್ಲ, ಒಂದು ಚಮಚ ಹವಾಯಿಜ್, ಮೇಲೆ ಸಾಸಿವೆ ಒಗ್ಗರಣೆ. ಹತ್ತು ನಿಮಿಷದ ಕೆಲಸ. ಏಲಕ್ಕಿ ಸ್ವಲ್ಪ ಮುಂದೆ ಬರುತ್ತದೆ, ಅಷ್ಟೆ. ನೆಗಡಿ ಆದರೆ ನಾನೂ ಈಗ ಇದನ್ನೇ ಮಾಡುವುದು.

ಆದರೂ ಬ್ಯಾಡಗಿ ಇಲ್ಲದ್ದನ್ನು ಸಾರಿನ ಪುಡಿ ಅನ್ನಲು ನನಗೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಸಾಮಾನು ಹೊತ್ತುಕೊಂಡು ಅವಳ ಅಡುಗೆಮನೆಗೇ ಹೋದೆ. ನಮ್ಮ ಮಿಕ್ಸಿಯಲ್ಲಿ ಕೋಳಿ ಸಾರಿಗೂ ಮಸಾಲೆ ರುಬ್ಬುತ್ತೇವೆ, ಹಾಗಾಗಿ ಅದು ಬೇಡ. ಅವಳೇ ಹೊಸ ಗ್ರೈಂಡರ್ ತಂದಿಟ್ಟಿದ್ದಳು. ಒಂದು ಲೋಟ ಧನಿಯ, ಕಾಲು ಲೋಟ ಜೀರಿಗೆ, ಎರಡು ಚಮಚ ಮೆಣಸು, ಒಂದೊಂದು ಚಮಚ ಮೆಂತ್ಯ, ಸಾಸಿವೆ, 30 ಮೆಣಸಿನಕಾಯಿ, ಕರಿಬೇವು. ಇಂಗು ಬಾಗಿಲಲ್ಲೇ ನಿಂತಿತು. ಅಂಗಡಿ ಇಂಗಿನಲ್ಲಿ ಗೋಂದು, ಗೋಧಿಹಿಟ್ಟು ಇಲ್ಲವೇ ಅಕ್ಕಿಹಿಟ್ಟು ಸೇರಿರುತ್ತದಲ್ವಾ, ಅದೂ ಮಿಶ್ರಣವೇ. ಮುದ್ರೆ ಇರುವುದು ಅವತ್ತು ನನ್ನ ಹತ್ತಿರ ಇರಲಿಲ್ಲ.

ಕೋಷರ್‌ನಲ್ಲಿ ಹುಳ ಹೊಟ್ಟೆಗೆ ಹೋಗುವಂತಿಲ್ಲ. ಬಿಳಿ ತಟ್ಟೆಯಲ್ಲಿ ಧನಿಯ ಹರಡಿ, ದೀಪ ಹತ್ತಿರಕ್ಕೆ ಎಳೆದು ಆರಿಸಿದಳು. ಅದು ಸರಿ, ನಮ್ಮಮ್ಮನೂ ಮೊರದಲ್ಲಿ ಕೇರಿ ಆರಿಸಿದವರೇ. ಆದರೆ ಇವಳು ಮೆಣಸಿನಕಾಯಿಗಳನ್ನೂ ಒಂದೊಂದಾಗಿ ತೊಟ್ಟು ಮುರಿದು ಸೀಳಿ ನೋಡಿದಳು. ಹನ್ನೊಂದನೆಯದೋ ಹನ್ನೆರಡನೆಯದೋ, ಹೊರಗೆ ಕೆಂಪಗೆ ಚೆನ್ನಾಗಿದೆ, ಒಳಗೆ ಬೀಜದ ನಡುವೆ ಬಿಳಿ ಬಲೆ. ಮಾತಿಲ್ಲದೆ ನನ್ನ ಕಡೆ ತಿರುಗಿಸಿದಳು. ಇಷ್ಟು ವರ್ಷ ನಾನು ಎಷ್ಟು ಬಲೆ ಹುರಿದು ತಿಂದಿದ್ದೇನೋ!

ಒಲೆ ಅವಳೇ ಹಚ್ಚಿದಳು. ಅಡುಗೆಯಲ್ಲಿ ಯಹೂದಿಯೊಬ್ಬರ ಕೈ ಇರಬೇಕಂತೆ, ಒಲೆ ಹಚ್ಚಿದರೂ ಅವರ ಪದ್ಧತಿಯಲ್ಲಿ ಸಾಕು. ಹುರಿದದ್ದು ನಾನು. ಮೆಣಸಿನಕಾಯಿ ಘಾಟಿಗೆ ಸ್ಮೋಕ್ ಅಲಾರಂ ಹೊಡೆದುಕೊಂಡು, ಮಕ್ಕಳು ಕೆಮ್ಮುತ್ತಾ ಹಿತ್ತಲಿಗೆ ಓಡಿದರು.

ಮೂರು ಗಂಟೆಗೆ ಒಂದು ಸಣ್ಣ ಡಬ್ಬಿ ಪುಡಿ. ಇಂಗಿಲ್ಲದ ಕೊರತೆ ನನಗೆ ಗೊತ್ತಾಗುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಸಾರನ್ನು ಕಾಫಿ ಕಪ್ಪಿಗೆ ಹಾಕಿಕೊಂಡು ಎರಡು ಸಲ ಕುಡಿದಳು. ಈಗ ವಾರದ ದಿನ ಹವಾಯಿಜ್, ನೆಂಟರು ಬಂದರೆ ಈ ಡಬ್ಬಿ. ಪಾಸೋವರ್ ಹಬ್ಬದ ಎಂಟು ದಿನ ಮಾತ್ರ ಅವರ ಮನೆತನದಲ್ಲಿ ಬೇಳೆಯೂ ಇಲ್ಲ, ಸಾಸಿವೆಯೂ ಇಲ್ಲ. ಆಗ ಡಬ್ಬಿ ಮೇಲಿನ ಕಪಾಟು ಸೇರುತ್ತದೆ.