ಒಂದು ಆಂಪ್ಲಿಫೈಯರ್, ನಾಲ್ಕು ನಾಬು, ನಾಲ್ಕು ಮದ್ದು

ದೊಡ್ಡಪ್ಪನ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಕಳೆದ ವರ್ಷ ನನ್ನ ಪಾಲಿಗೆ ಬಂತು. ಕಂಪನಿಯದಲ್ಲ, ಆಗಿನ ಕಾಲದಲ್ಲಿ ದಾವಣಗೆರೆಯಲ್ಲೇ ಯಾರೋ ಜೋಡಿಸಿಕೊಟ್ಟಿದ್ದು. ಹಿಂದೆ ಹೀಟ್‌ಸಿಂಕ್ ಮೇಲೆ ನಾಲ್ಕು 2ಎನ್3055 ಟ್ರಾನ್ಸಿಸ್ಟರ್, ಒಳಗೆ ತೆಂಗಿನಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್, ಮುಂದೆ ವಾಲ್ಯೂಮ್, ಬಾಸ್, ಟ್ರೆಬಲ್, ಬ್ಯಾಲೆನ್ಸ್ ಅಂತ ನಾಲ್ಕು ನಾಬು. ಎತ್ತಿದರೆ ಸೊಂಟ ಹಿಡಿಯುತ್ತದೆ. ಸೌಂಡ್ ಮಾತ್ರ ಈಗಲೂ ದುಂಡಗಿದೆ. ಆದರೆ ಯಾವ ನಾಬು ತಿರುಗಿಸಿದರೂ ಕರಕರ, ಬಾಣಲೆಗೆ ಮಿರ್ಚಿ ಬಿಟ್ಟ ಹಾಗೆ.

ನಾಬಿನ ಹಿಂದೆ ಪಾಟ್ (ಪೊಟೆನ್ಶಿಯೋಮೀಟರ್) ಅಂತ, ತಿರುಗಿಸಿದ ಹಾಗೆ ರೆಸಿಸ್ಟೆನ್ಸ್ ಬದಲಾಗುವ ಒಂದು ಭಾಗ ಇದೆ. ಅದರೊಳಗೆ ಒಂದು ಕಾರ್ಬನ್ ಪಟ್ಟಿ ಇರುತ್ತದೆ, ಅದರ ಮೇಲೆ ಲೋಹದ ಸಣ್ಣ ಕೈ ಓಡಾಡುತ್ತದೆ. ನಡುವೆ ಧೂಳು, ಕಿಲುಬು ಕೂತರೆ ಈ ಸದ್ದು. ನಮ್ಮೂರಲ್ಲಿ ಧೂಳಿಗೇನು ಬರ, ಅಲ್ವಾ? ಏನು ಹಾಕಿ ತೊಳೆಯಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ನಾಬು ಹೇಗೂ ನಾಲ್ಕಿವೆಯಲ್ಲ, ನಾಲ್ಕಕ್ಕೂ ಬೇರೆ ಬೇರೆ ಹಾಕಿ ಆರು ತಿಂಗಳು ನೋಡಿದೆ.

ಬ್ಯಾಲೆನ್ಸ್‌ಗೆ ಪೆಟ್ರೋಲ್. ಹಳೇ ರೇಡಿಯೋ ರಿಪೇರಿಯವರ ಮದ್ದು ಇದು. ಕೊಳೆ ಬಿಡುತ್ತದೆ, ಖರ್ಚಿಲ್ಲ. ಆದರೆ ಒಳಗಿನ ಗ್ರೀಸೂ ಕೊಚ್ಚಿಕೊಂಡು ಹೋಗಿ ನಾಬು ಒಣಗಿದ ಹಾಗೆ ತಿರುಗುತ್ತದೆ. ಎರಡೇ ತಿಂಗಳಿಗೆ ಸದ್ದು ವಾಪಸ್. ಅದೂ ಅಲ್ಲದೆ ಸೋಲ್ಡರಿಂಗ್ ಐರನ್ ಪಕ್ಕದಲ್ಲಿ ಪೆಟ್ರೋಲ್ ಬಟ್ಟಲು ಇಟ್ಟುಕೊಂಡು ಕೂರೋದು, ನೀವೇ ಯೋಚಿಸಿ.

ಟ್ರೆಬಲ್‌ಗೆ ಡಬ್ಲ್ಯೂಡಿ-40, ಎಲ್ಲರ ಮನೆಯಲ್ಲೂ ಇರುವ ಮಾಮೂಲಿ ಡಬ್ಬಿ. ಅವತ್ತು ಬೆಣ್ಣೆ ಹಾಗೆ ತಿರುಗಿತು, ಖುಷಿಯಾಯ್ತು. ಅದನ್ನು 1953ರಲ್ಲಿ ಮಾಡಿದ್ದೇ ಲೋಹದ ಮೇಲಿನ ನೀರು ಓಡಿಸೋಕೆ, ಹೆಸರಲ್ಲಿರುವ 40 ಅಂದರೆ ನಲವತ್ತನೇ ಪ್ರಯತ್ನ. ಒಂದು ಪದರ ಎಣ್ಣೆ ಉಳಿಸಿ ಹೋಗೋದೇ ಅದರ ಕೆಲಸ. ಆ ಎಣ್ಣೆಗೆ ಧೂಳು ಅಂಟಿ, ಆರು ತಿಂಗಳ ನಂತರ ಬಿಚ್ಚಿದರೆ ಒಳಗೆ ಕಪ್ಪು ಕೆಸರು. ಡಬ್ಬಿಯ ತಪ್ಪಲ್ಲ, ಅಲ್ಲಿಗೆ ಹಾಕಿದ ನನ್ನದು.

ಬಾಸ್‌ಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎ. ಸಿರಿಂಜಿನಲ್ಲಿ ನಾಲ್ಕು ಹನಿ ಬಿಟ್ಟು ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ ಒಣಗಲು ಬಿಟ್ಟೆ. ಏನೂ ಉಳಿಸದೆ ಆರಿಹೋಗುತ್ತದೆ. ಇದೂ ಗ್ರೀಸ್ ತೆಗೆಯುತ್ತದೆ, ನಾಬು ಸ್ವಲ್ಪ ಸಡಿಲ, ಆದರೆ ಸದ್ದು ಇನ್ನೂ ಬಂದಿಲ್ಲ. ಕೊರೊನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಸುರಿಯಬೇಡಿ, ಅದರಲ್ಲಿ ನೀರು ಜಾಸ್ತಿ.

ಇನ್ನು ವಾಲ್ಯೂಮ್. ದಿನಾ ಮುಟ್ಟೋದು ಇದನ್ನೇ, ಹಾಗಾಗಿ ದುಬಾರಿ ಮದ್ದು ಇದಕ್ಕೇ ಇಟ್ಟಿದ್ದೆ: ಡಿಆಕ್ಸಿಟ್‌ನ ಫೇಡರ್ ಎಫ್5 ಅನ್ನುವ ಸ್ಪ್ರೇ. ತೊಳೆಯೋದರ ಜೊತೆಗೆ ತೆಳುವಾದ ಜಾರಿಕೆಯನ್ನೂ ಬಿಡುತ್ತದೆ. ತರಿಸಿ, ಹೊಡೆದು, ತಿರುಗಿಸಿದೆ. ಕರಕರ ಹಾಗೇ ಇದೆ! ಮತ್ತೆ ಹೊಡೆದೆ. ಊಹೂಂ. ದುಡ್ಡು ದಂಡ ಅಂತ ಬೈದುಕೊಂಡು ಹೊಸ ಪಾಟ್ ತಂದು ಹಾಕಿದೆ. ಅಂಗಡಿಯಲ್ಲಿ ಎಲ್ಲಾ ಒಂದೇ ಅಂತ ಬಿ100ಕೆ ಕೊಟ್ಟರು. ಒಂದೇ ಅಲ್ಲ. ಬಿ ಅಂದರೆ ಲೀನಿಯರ್, ಅಂದರೆ ತಿರುಗಿಸಿದಷ್ಟಕ್ಕೆ ಒಂದೇ ಸಮ ಏರುವಂಥದ್ದು; ಕಾಲು ಭಾಗ ತಿರುಗಿಸುವಷ್ಟರಲ್ಲಿ ಮನೆ ನಡುಗಿತು. ವಾಲ್ಯೂಮ್‌ಗೆ ಬೇಕಾದ್ದು ಲಾಗ್, ಅಂದರೆ ಮೊದಲು ನಿಧಾನ, ಆಮೇಲೆ ಬೇಗ ಏರುವ ಎ100ಕೆ. ಅದು ಹೋಗಲಿ, ಆ ಹೊಚ್ಚ ಹೊಸ ಪಾಟೂ ಕರಕರ ಅಂತು.

ಆಗ ಬೀದಿ ಕೊನೆಯ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. "ತಮ್ಮಾ, ಪಾಟ್ ಬಿಟ್ಟು ಅದರ ಮುಂದಿನ ಕೆಪಾಸಿಟರ್ ನೋಡು" ಅಂದರು. ಮೀಟರ್ ಡಿಸಿಗೆ (ಒಂದೇ ದಿಕ್ಕಿನ ಕರೆಂಟಿಗೆ) ಹಾಕಿ ಪಾಟ್‌ನ ಮೇಲಿನ ಕಾಲು ಮತ್ತು ಚಾಸಿ, ಅಂದರೆ ಲೋಹದ ಪೆಟ್ಟಿಗೆ, ನಡುವೆ ಹಿಡಿದರೆ 0.4 ವೋಲ್ಟ್. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಹಾಡನ್ನು ಬಿಟ್ಟು ಡಿಸಿಯನ್ನು ತಡೆಯಬೇಕಾದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮುದಿಯಾಗಿ ಸೋರುತ್ತಿತ್ತು. ಪಾಟ್ ಮೇಲೆ ಡಿಸಿ ನಿಂತರೆ ಎಷ್ಟು ತೊಳೆದರೂ ತಿರುಗಿಸಿದಾಗ ಸದ್ದು ಬಂದೇ ಬರುತ್ತದೆ. ಪ್ಲಸ್ ಮೈನಸ್ ನೋಡಿಕೊಂಡು ಎರಡೂ ಚಾನಲ್‌ಗೆ ಹೊಸದು ಹಾಕಿದೆ, ಹಳೇ ಪಾಟನ್ನೇ ವಾಪಸ್ ಕೂರಿಸಿದೆ. ಕರಕರ ಸದ್ದೇ ಇಲ್ಲ. ಎಫ್5 ಪಾಪ ಮೊದಲ ದಿನವೇ ತನ್ನ ಕೆಲಸ ಮುಗಿಸಿತ್ತು.

ನೀವೂ ಬಿಚ್ಚುವವರಾದರೆ ಪ್ಲಗ್ ತೆಗೆದ ಮೇಲೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ, ಅದರ ಎರಡೂ ಕಾಲಿಗೆ ರೆಸಿಸ್ಟರ್ ತಾಗಿಸಿ ಇಳಿಸಿ. ರಿಪೇರಿ ಆದ ಮೇಲೆ ಮೊದಲ ಸಲ ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲೇ ಒಂದು ಫಿಲಮೆಂಟ್ ಬಲ್ಬ್) ಹಾಕಿಯೇ ಆನ್ ಮಾಡಿ, ಎಲ್ಲೋ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಬೆಳಗುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ.

ಈಗ ನಾನು ಮೊದಲು ಮೀಟರ್ ಹಿಡಿಯುತ್ತೇನೆ, ಆಮೇಲೆ ಐಪಿಎಯಲ್ಲಿ ತೊಳೆದು, ದಿನಾ ತಿರುಗಿಸುವ ನಾಬಿಗಷ್ಟೇ ಎಫ್5 ಹೊಡೆಯುತ್ತೇನೆ. ಟ್ರೆಬಲ್‌ನ ಕೆಸರನ್ನೂ ಐಪಿಎಯಲ್ಲೇ ತೊಳೆದಾಯ್ತು. ಬ್ಯಾಲೆನ್ಸ್ ಮಾತ್ರ ಇನ್ನೂ ಪೆಟ್ರೋಲ್ ಕಾಲದಲ್ಲೇ ಇದೆ. ಅದನ್ನು ಯಾರು ಮುಟ್ಟುತ್ತಾರೆ, ಇರಲಿ ಬಿಡಿ.