ಜಿಮೇಲ್, ಫೀಡ್ಲಿ: ಇಷ್ಟು ವರ್ಷ ಬಳಸಿದ ಮೇಲೆ

ಜಿಮೇಲ್ ಖಾತೆ ನನಗೆ ಸಿಕ್ಕಿದ್ದು 2006ರಲ್ಲಿ, ಗೆಳೆಯನೊಬ್ಬ ಇನ್ವಿಟೇಶನ್ ಕಳಿಸಿದ ಮೇಲೆ. ಆಗೆಲ್ಲ ಸುಮ್ನೆ ಹೋಗಿ ಖಾತೆ ತೆರೆಯೋಕೆ ಆಗುತ್ತಿರಲಿಲ್ಲ. 2004ರಲ್ಲಿ ಶುರುವಾದಾಗಲೇ ಗೂಗಲ್‌ನವರು ಕೊಟ್ಟಿದ್ದು 1 ಜಿಬಿ ಜಾಗ, ಹಾಟ್‌ಮೇಲ್‌ನಲ್ಲಿ ಆಗ ಇದ್ದದ್ದು ಬರೀ 2 ಎಂಬಿ. ಸೈಬರ್ ಕೆಫೆಯಲ್ಲಿ ದುಡ್ಡು ಕೊಟ್ಟು ಕೂತು, ಹಳೇ ಮೇಲ್ ಅಳಿಸೋದರಲ್ಲೇ ಅರ್ಧ ಗಂಟೆ ಕಳೆದವರಿಗೆ ಇದರ ಸುಖ ಗೊತ್ತು.

ಈಗ 15 ಜಿಬಿ ಇದೆ. ಆದರೆ ಅದು ಮೇಲ್‌ಗೆ ಮಾತ್ರ ಅಲ್ಲ, ಫೈಲು, ಫೋಟೊ ಇಡುವ ಗೂಗಲ್ ಡ್ರೈವ್ ಮತ್ತು ಗೂಗಲ್ ಫೋಟೋಸ್ ಕೂಡ ಅದೇ ಜಾಗ ತಿನ್ನುತ್ತವೆ. ತಂಗಿ ಮದುವೆಯ ವಿಡಿಯೊಗಳನ್ನೆಲ್ಲ ಫೋನಿನಿಂದ ಅಲ್ಲಿಗೆ ಹಾಕಿ ಮರೆತಿದ್ದೆ. ಜಾಗ ತುಂಬಿದ್ದರ ಎಚ್ಚರಿಕೆ ಕಣ್ಣೆದುರೇ ಇತ್ತು, ನಾನೇ ನಾಳೆ ನೋಡೋಣ ಅಂತ ಬಿಟ್ಟಿದ್ದೆ, ಕೊನೆಗೆ ಒಂದು ಕೆಲಸದ ಸಂದರ್ಶನದ ಮೇಲ್ ಬರದೆ ವಾಪಸ್ ಹೋಯಿತು. ನೀವು ಹಾಗೆ ಮಾಡಬೇಡಿ. ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಲಾರ್ಜರ್:10ಎಂ’ ಅಂತ ಟೈಪ್ ಮಾಡಿದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಸಿಗುತ್ತವೆ. ಅಳಿಸಿದ ಮೇಲೆ ಟ್ರ್ಯಾಶ್ ಕೂಡ ಖಾಲಿ ಮಾಡಿ, ಇಲ್ಲದಿದ್ದರೆ 30 ದಿನ ಅಲ್ಲೇ ಕೂತು ಜಾಗ ಹಿಡಿದಿರುತ್ತವೆ.

ನನ್ನ ಇನ್ನೊಂದು ತಲೆನೋವು ವೆಬ್‌ಸೈಟುಗಳು ಮೇಲ್‌ನಲ್ಲಿ ಕಳಿಸುವ ನ್ಯೂಸ್‌ಲೆಟರ್‌ಗಳು. ಓದಬೇಕು ಅಂತ ನಾನೇ ಸೇರಿದ್ದು, ಆದರೆ ಕರೆಂಟ್ ಬಿಲ್ಲಿನ ಮೇಲ್ ಅವುಗಳ ಅಡಿಯಲ್ಲಿ ಹೂತುಹೋಗುತ್ತಿತ್ತು. ಇದಕ್ಕೆ ಫೀಡ್ ಒಳ್ಳೆಯದು. ವೆಬ್‌ಸೈಟ್ ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಇಟ್ಟಿರುತ್ತದೆ, ಫೀಡ್ ರೀಡರ್ ಆಗಾಗ ಹೋಗಿ ನೋಡಿ ಹೊಸದನ್ನು ತಂದು ತೋರಿಸುತ್ತದೆ, ಅಷ್ಟೇ. ನಿಮ್ಮ ಮೇಲ್ ವಿಳಾಸ ಯಾರಿಗೂ ಕೊಡಬೇಕಾಗಿಲ್ಲ, ಬೇಡ ಅನ್ನಿಸಿದರೆ ತೆಗೆದುಹಾಕಿ, ಯಾರನ್ನೂ ಕೇಳಬೇಕಾಗಿಲ್ಲ. ಫೀಡ್ ಗುಂಡಿ ಕಾಣದಿದ್ದರೆ, ವರ್ಡ್‌ಪ್ರೆಸ್ ಅನ್ನೋ ತಂತ್ರಾಂಶದಲ್ಲಿ ಮಾಡಿದ ಸೈಟುಗಳಲ್ಲಿ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಅಂತ ಸೇರಿಸಿ ನೋಡಿ, ಸಾಮಾನ್ಯವಾಗಿ ಸಿಗುತ್ತದೆ.

ಫೀಡ್ ಓದೋಕೆ ಮೊದಲು ಗೂಗಲ್ ರೀಡರ್ ಬಳಸುತ್ತಿದ್ದೆ. 2013ರ ಜುಲೈನಲ್ಲಿ ಅದು ನಿಂತಾಗ ನನ್ನ ಫೀಡ್‌ಗಳ ಪಟ್ಟಿಯನ್ನು ಒಂದೇ ಫೈಲಾಗಿ ಇಳಿಸಿಕೊಂಡು ಫೀಡ್ಲಿ ಅನ್ನೋ ಇನ್ನೊಂದು ಫೀಡ್ ರೀಡರ್‌ಗೆ ಬಂದೆ, ಐದು ನಿಮಿಷದ ಕೆಲಸ. ಉಚಿತ ಖಾತೆಗೆ 100 ಫೀಡ್, ನನಗೆ ಅದೇ ಜಾಸ್ತಿ. ಕೆಲವು ಸೈಟುಗಳು ಮಾತ್ರ ಫೀಡ್‌ನಲ್ಲಿ ಎರಡು ಸಾಲು ಕೊಟ್ಟು ಉಳಿದದ್ದಕ್ಕೆ ಅಲ್ಲಿಗೇ ಬಾ ಅನ್ನುತ್ತವೆ. ಸಿಟ್ಟು ಬರುತ್ತೆ ಅಲ್ವಾ?

ಇವತ್ತು ಬೆಳಿಗ್ಗೆ ಇನ್‌ಬಾಕ್ಸ್‌ನಲ್ಲಿ ನಾಲ್ಕು ಮೇಲ್, ಫೀಡ್ಲಿಯಲ್ಲಿ ಓದದೇ ಉಳಿದದ್ದು 212. ಅದರಲ್ಲಿ 180 ಒಂದೇ ಕ್ರಿಕೆಟ್ ಸೈಟಿನವು. ಆ ಫೀಡ್ ತೆಗೆಯಬೇಕು ಅಂತ ಮೂರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ.